ಮಲ್ಲವಿದ್ಯೆಯೂ ಮಾಗಿದ ವಯಸ್ಸೂ

ಯಡ್ರಾಮಿ, ಜೇವರ್ಗಿ, ಅಫಜಲಪುರ, ಆಳಂದ ಸೀಮೆಯ ಊರುಗಳಲ್ಲಿ ಜಾತ್ರೆಯೆಂದರೆ ತೇರು ಹೇಗೋ ಕುಸ್ತಿಯೂ ಹಾಗೆಯೇ. ಮೊದಲಿಗೆ ಚಿಕ್ಕ ಹುಡುಗರ ತೆಂಗಿನಕಾಯಿಯ ಕುಸ್ತಿ. ಹೊತ್ತು ಇಳಿದಂತೆ ಹೆಸರಾಂತ ಪೈಲ್ವಾನರ ಜೋಡಿಗಳು. ಕಟ್ಟಕಡೆಗೆ ಬೆಳ್ಳಿಯ ಕಡಗದ ಕುಸ್ತಿ. ಹಲಗೆಯ ನಾದಕ್ಕೆ ಕಿವಿಗೊಟ್ಟು ನೆರೆದ ಜನವೆಲ್ಲ ಕಣದೊಳಗಿನ ಇಬ್ಬರನ್ನೇ ನೋಡುತ್ತಿರುವಾಗ, ಕಣದ ಅಂಚಿನಲ್ಲಿ ರುಮಾಲು ಸುತ್ತಿಕೊಂಡು ಕುಳಿತ ನಾಲ್ಕಾರು ಹಿರಿಯರನ್ನು ನೋಡುವವರು ವಿರಳ. ಅವರ ಕಿವಿಗಳು ಮುದುಡಿ ಗಂಟುಗಟ್ಟಿರುತ್ತವೆ. ಹಿಂದೊಮ್ಮೆ ಕಡಗ ತೊಟ್ಟ ಕೈ ಈಗ ಮೊಣಕಾಲನ್ನು ಒತ್ತಿಕೊಳ್ಳುತ್ತಿರುತ್ತದೆ. ಒಳಗೆ ಹುಡುಗನೊಬ್ಬನ ಹಿಡಿತ ತಪ್ಪಿದಾಗ ಹೊರಗೆ ಕುಳಿತ ಹಿರಿಯನ ಹೆಗಲು ತನಗರಿವಿಲ್ಲದೆಯೇ ಅಲುಗುತ್ತದೆ. ವಿದ್ಯೆ ಆ ಮೈಯಲ್ಲಿ ಇನ್ನೂ ಎಚ್ಚರವಾಗಿದೆ. ಆದರೆ ಆ ಮೈ ಕಣದ ಹೊರಗಿದೆ. ಅದು ಅಲ್ಲಿಯೇ ಇರತಕ್ಕುದೋ, ಒಳಗೆ ಬರತಕ್ಕುದೋ, ಬಂದರೆ ಯಾವ ಪ್ರಮಾಣದಲ್ಲಿ ಬರತಕ್ಕುದೋ ಎಂಬುದು ವಿಚಾರಾರ್ಹವಾದ ವಿಷಯ.

ಈ ಕುರಿತು ಜನದಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ನಲವತ್ತು ದಾಟಿದವನಿಗೆ ಲಂಗೋಟಿಯೇಕೆ, ಮಕ್ಕಳ ಮದುವೆಯ ಚಿಂತೆ ಮಾಡಲಿ ಎನ್ನುವುದು ಒಂದು. ಹುಲಿ ಮುದಿಯಾದರೂ ಹುಲಿಯೇ ಎಂದು ಐವತ್ತರಲ್ಲಿ ಇಪ್ಪತ್ತೈದರವನನ್ನು ಕರೆದು ಕೈ ಹಿಡಿಯುವುದು ಇನ್ನೊಂದು. ಮೊದಲನೆಯದು ವಿದ್ಯೆಯನ್ನು ಕೆಡಿಸುತ್ತದೆ, ಎರಡನೆಯದು ಮೂಳೆಯನ್ನು ಮುರಿಯುತ್ತದೆ. ಎರಡಕ್ಕೂ ಮೂಲ ಒಂದೇ: ಕುಸ್ತಿಯೆಂದರೆ ಗೆಲ್ಲುವುದು, ಅದರ ಹೊರತು ಬೇರೇನೂ ಅಲ್ಲ ಎಂಬ ತಿಳಿವಳಿಕೆ.

ಈ ತಿಳಿವಳಿಕೆ ಸರಿಯಲ್ಲವೆಂಬುದಕ್ಕೆ ಶಬ್ದಗಳೇ ಸಾಕ್ಷಿ. ಕನ್ನಡದಲ್ಲಿ ಮಲ್ಲನಿಗೆ ಜಟ್ಟಿ, ಜೆಟ್ಟಿ ಎಂಬ ಹೆಸರುಂಟಷ್ಟೆ. ಅದು ಜ್ಯೇಷ್ಠ ಶಬ್ದದಿಂದ ಬಂದದ್ದು. ಜ್ಯೇಷ್ಠನೆಂದರೆ ಶ್ರೇಷ್ಠನೂ ಹೌದು, ಹಿರಿಯನೂ ಹೌದು. ಮೈಸೂರು ಅರಮನೆಯಲ್ಲಿ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗ ನಡೆಸುವ ಜಟ್ಟಿಗಳ ಕುಲನಾಮವೂ ಇದೇ. ಇನ್ನು ನಮ್ಮ ಕಡೆಯಲ್ಲಿ ಗರಡಿಯ ಜೊತೆಗೆ ಬಳಕೆಯಲ್ಲಿರುವ ತಾಲೀಮು ಎಂಬ ಪದವನ್ನು ನೋಡಬಹುದು. ಬಹಮನಿ, ಆದಿಲಶಾಹಿ, ನಿಜಾಮ ಆಳ್ವಿಕೆಗಳನ್ನು ಕಂಡ ಈ ಸೀಮೆಯಲ್ಲಿ ಅರಬ್ಬೀ ಮಾತು ನೆಲೆಯೂರಿದ್ದು ಸಹಜ. ಆ ಭಾಷೆಯಲ್ಲಿ ತಾಲೀಮೆಂದರೆ ಶಿಕ್ಷಣ, ಬೋಧನೆ. ವಸ್ತಾದನೆಂದರೆ ಉಸ್ತಾದ್, ಅರ್ಥಾತ್ ಗುರು. ಸಂಸ್ಕೃತದಿಂದ ಬಂದ ಹೆಸರು ಮಲ್ಲನನ್ನು ಹಿರಿಯನೆಂದಿತು. ಅರಬ್ಬಿಯಿಂದ ಬಂದ ಹೆಸರು ಅವನ ಕಣವನ್ನು ಪಾಠಶಾಲೆಯೆಂದಿತು. ಎರಡು ಬೇರೆ ಬೇರೆ ದಿಕ್ಕಿನಿಂದ ಬಂದ ಶಬ್ದಗಳು ಹೀಗೆ ಒಂದೇ ಕಡೆ ಬೆರಳು ತೋರಿಸುವುದು ಸ್ವಾರಸ್ಯದ ಸಂಗತಿ.

ಮಲ್ಲವಿದ್ಯೆಗೆ ಈ ನೆಲದಲ್ಲಿ ದೊರೆತ ರಾಜಮನ್ನಣೆಯೂ ಸಾಮಾನ್ಯವಾದುದಲ್ಲ. ಕಲ್ಯಾಣದ ಚಾಲುಕ್ಯರ ಬಿರುದುಗಳನ್ನು ಸಾಲಾಗಿ ಓದಿದರೆ ಒಂದು ಗರಡಿಯ ಹೆಸರುಪಟ್ಟಿಯನ್ನು ಓದಿದಂತಾಗುತ್ತದೆ: ಆಹವಮಲ್ಲ, ಜಗದೇಕಮಲ್ಲ, ತ್ರೈಲೋಕ್ಯಮಲ್ಲ, ಭುವನೈಕಮಲ್ಲ, ತ್ರಿಭುವನಮಲ್ಲ, ಭೂಲೋಕಮಲ್ಲ. ಕಡೆಯ ಬಿರುದಿನ ಒಡೆಯನಾದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದ ವಿನೋದವಿಂಶತಿಯಲ್ಲಿ ಮಲ್ಲವಿನೋದಕ್ಕೇ ಒಂದು ಅಧ್ಯಾಯವಿದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ವಿಂಗಡಿಸುವುದು, ಅವರ ವ್ಯಾಯಾಮ, ಅರಸನು ಅವರಿಗೆ ಒದಗಿಸಬೇಕಾದ ಬೇಳೆ, ಹಾಲು, ಸಕ್ಕರೆ ಮೊದಲಾದ ಆಹಾರ, ಎಲ್ಲವೂ ಅಲ್ಲಿ ನಿರೂಪಿತವಾಗಿದೆ. ಮಲ್ಲರ ದರ್ಜೆಗಳಲ್ಲಿ ಜ್ಯೇಷ್ಠಿಕನೆಂಬುದೂ ಒಂದು. ಬಲವನ್ನು ಮಾತ್ರವಲ್ಲದೆ ವಯಸ್ಸನ್ನೂ ಲೆಕ್ಕಕ್ಕೆ ಹಿಡಿದು ಜೋಡಿ ನೋಡಬೇಕೆಂಬ ವಿವೇಕ ಒಂಬತ್ತು ಶತಮಾನಗಳ ಹಿಂದೆಯೇ ಕಲ್ಯಾಣದ ನಾಡಿನಲ್ಲಿತ್ತು.

ಇನ್ನು ವೈದ್ಯಶಾಸ್ತ್ರದ ಕಡೆಗೆ ಬರೋಣ. ಇಲ್ಲಿ ಒಂದು ತೊಡಕು ಎದುರಾಗುತ್ತದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ವ್ಯಾಯಾಮವನ್ನು ಬಿಡಬೇಕಾದವರನ್ನು ಹೇಳುವಾಗ ವಾತಪಿತ್ತದ ರೋಗಿ, ಬಾಲಕ, ಅಜೀರ್ಣವುಳ್ಳವನು ಇವರ ಜೊತೆಗೆ ವೃದ್ಧನನ್ನೂ ಸೇರಿಸಿದ್ದಾನೆ. ಸುಶ್ರುತಸಂಹಿತೆಯಲ್ಲಾದರೋ ವ್ಯಾಯಾಮ ಮಾಡುವವನ ಮೇಲೆ ಮುಪ್ಪು ಥಟ್ಟನೆ ಏರಿಬರಲಾರದೆಂಬ ಭರವಸೆಯಿದೆ. ಒಬ್ಬ ಆಚಾರ್ಯನು ಮುದುಕನಿಗೆ ಬೇಡವೆನ್ನುತ್ತಾನೆ. ಮತ್ತೊಬ್ಬನು ಮುಪ್ಪಿಗೆ ಅದೇ ತಡೆಯೆನ್ನುತ್ತಾನೆ. ಮಾಡುವುದೇನು?

ವೃದ್ಧನೆಂದರೆ ಯಾರು ಎಂದು ಅದೇ ಶಾಸ್ತ್ರಗಳನ್ನು ಕೇಳಿದರೆ ತೊಡಕು ತಾನಾಗಿ ಬಿಚ್ಚಿಕೊಳ್ಳುತ್ತದೆ. ಹದಿನಾರರವರೆಗೆ ಬಾಲ್ಯ, ಎಪ್ಪತ್ತರವರೆಗೆ ಮಧ್ಯವಯಸ್ಸು, ಅನಂತರವೇ ವಾರ್ಧಕ್ಯ ಎಂಬುದು ಇಬ್ಬರಿಗೂ ಸಮ್ಮತವಾದ ಗಣನೆ. ಸುಶ್ರುತಸಂಹಿತೆಯಲ್ಲಿ ಮಧ್ಯವಯಸ್ಸನ್ನು ಮತ್ತೆ ಒಡೆದು, ಇಪ್ಪತ್ತರವರೆಗೆ ವೃದ್ಧಿ, ಮೂವತ್ತರವರೆಗೆ ಯೌವನ, ನಲವತ್ತರವರೆಗೆ ಸಂಪೂರ್ಣತೆ, ಅಲ್ಲಿಂದ ಎಪ್ಪತ್ತರವರೆಗೆ ತುಸುತುಸುವಾಗಿ ಇಳಿಯುವ ಹಾನಿಯ ಕಾಲ ಎಂದು ಹೇಳಿದೆ. ಜಾತ್ರೆಯ ಕಣದ ಅಂಚಿನಲ್ಲಿ ಕುಳಿತವರು ಬಹುಪಾಲು ಈ ಇಳಿಕೆಯ ಮೂವತ್ತು ವರ್ಷಗಳಿಗೆ ಸೇರಿದವರು. ವಾಗ್ಭಟನ ನಿಷೇಧ ಅವರಿಗೆ ತಗಲುವುದಿಲ್ಲ. ತಗಲುವುದು ಅವನ ಇನ್ನೊಂದು ಮಾತು: ಬಲಿಷ್ಠನಾಗಿದ್ದು ಜಿಡ್ಡಿನ ಆಹಾರ ಉಣ್ಣುವವನು ಸಹ ಚಳಿಗಾಲ, ವಸಂತಗಳಲ್ಲಿ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ. ಮಿತಿ ಮೀರಿದವನು ಆನೆಯನ್ನೆಳೆಯಹೋದ ಸಿಂಹದಂತೆ ಕೆಡುತ್ತಾನೆಂಬ ಎಚ್ಚರಿಕೆಯೂ ಅಲ್ಲಿಯೇ ಇದೆ.

ಅರ್ಧವೆಂದರೆ ಎಷ್ಟು? ಇದಕ್ಕೂ ಗುರುತು ಹೇಳಿದೆ. ಎದೆಯಲ್ಲಿರುವ ವಾಯು ಬಾಯಿಗೆ ಬಂದಾಗ, ಎಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾದಾಗ, ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದಾಗ ಅರ್ಧ ಮುಗಿಯಿತೆಂದು ತಿಳಿಯಬೇಕು. ಗಡಿಯಾರವಿಲ್ಲದ, ಎಣಿಕೆಯಿಲ್ಲದ ಈ ಅಳತೆಯ ಹೆಚ್ಚುಗಾರಿಕೆ ಏನೆಂದರೆ ಅದು ಮೈಯೊಡನೆ ತಾನೂ ಬದಲಾಗುತ್ತ ಹೋಗುತ್ತದೆ. ಇಪ್ಪತ್ತೈದರಲ್ಲಿ ಐನೂರು ಬೈಠಕಿಗೆ ಬಂದ ಬಾಯುಸಿರು ಐವತ್ತೈದರಲ್ಲಿ ಎಂಬತ್ತಕ್ಕೇ ಬಂದೀತು. ಆಗ ಎಂಬತ್ತೇ ಅರ್ಧ. ವಯಸ್ಸಾದ ಪೈಲ್ವಾನರು ತಪ್ಪುವುದು ಇಲ್ಲಿಯೇ. ಅವರು ಅರ್ಧವನ್ನು ಅಳೆಯುವುದು ಇಂದಿನ ಉಸಿರಿನಿಂದಲ್ಲ, ಅಂದಿನ ನೆನಪಿನಿಂದ. ಐನೂರರ ಅರ್ಧ ಇನ್ನೂರೈವತ್ತು ಎಂದು ಗಣಿತ ಮಾಡಿ, ತಾವು ಬಹಳ ತಗ್ಗಿಸಿದೆವೆಂದು ಭಾವಿಸಿ, ಇಂದಿನ ಅರ್ಧಶಕ್ತಿಯ ಮೂರುಪಟ್ಟು ಎಳೆಯುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆ ಹುಟ್ಟಿದ್ದು ಸುಮ್ಮನೆಯಲ್ಲ. ಮೊಣಕಾಲು ಊದಿಕೊಂಡರೂ ಅದು ಹಳೆಯ ನೋವೆಂದು ಹೇಳಿಕೊಳ್ಳುವ ಹಿರಿಯರು ಎಲ್ಲ ಊರುಗಳಲ್ಲೂ ಇದ್ದಾರೆ.

ಇಂದಿನ ವೈದ್ಯವಿಜ್ಞಾನದ ಮಾತೂ ಇದಕ್ಕೆ ವಿರೋಧವಾಗಿಲ್ಲ. ಮೂವತ್ತು ಕಳೆದ ಮೇಲೆ ಸ್ನಾಯುಗಳ ಮೊತ್ತ ಮೆಲ್ಲಮೆಲ್ಲನೆ ಕುಗ್ಗುತ್ತದೆ, ಅರವತ್ತರ ಬಳಿಕ ಆ ಕುಗ್ಗುವಿಕೆಗೆ ವೇಗ ಬರುತ್ತದೆ. ಬಲಕ್ಕಿಂತ ಮೊದಲು ಹೋಗುವುದು ಚುರುಕು. ಹಿಡಿದ ಕೈ ಬಿಡದಿದ್ದರೂ, ಹಿಡಿಯಹೋಗುವ ಕೈ ಕ್ಷಣ ತಡವಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ನರಹುರಿಗಳು ಬಿರುಸಾಗಿ, ಒಮ್ಮೆ ಹರಿದರೆ ಕೂಡಿಕೊಳ್ಳಲು ತಿಂಗಳುಗಳೇ ಬೇಕಾಗುತ್ತವೆ. ಹೃದಯವು ಮುಟ್ಟಬಲ್ಲ ಅತ್ಯಧಿಕ ಬಡಿತದ ಸಂಖ್ಯೆ ವರ್ಷವರ್ಷಕ್ಕೆ ತಗ್ಗುತ್ತದೆ. ಉಸಿರು ಬಿಗಿಹಿಡಿದು ಭಾರವನ್ನೆತ್ತುವಾಗ ರಕ್ತದೊತ್ತಡ ಹಠಾತ್ತಾಗಿ ಏರುತ್ತದೆ. ತರುಣನ ರಕ್ತನಾಳ ತಾಳಿಕೊಂಡದ್ದನ್ನು ಹಿರಿಯನ ರಕ್ತನಾಳ ತಾಳಿಕೊಳ್ಳದಿರಬಹುದು. ಇಷ್ಟೆಲ್ಲ ಇದ್ದರೂ ಬಲದ ಅಭ್ಯಾಸವನ್ನು ಬಿಡಬೇಕೆಂದು ವಿಜ್ಞಾನ ಹೇಳುವುದಿಲ್ಲ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ಸೂಚನೆಗಳಲ್ಲಿ 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲವನ್ನೂ ಮೈಯ ಸಮತೋಲವನ್ನೂ ಬೆಳೆಸುವ ಅಭ್ಯಾಸ ಮಾಡಬೇಕೆಂದಿದೆ. ಮುಖ್ಯ ಉದ್ದೇಶ ಬೀಳುವುದನ್ನು ತಪ್ಪಿಸುವುದು. ಮುದುಕರ ಪಾಲಿಗೆ ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿಯುವುದೆಂದರೆ ಎಷ್ಟೋ ಸಲ ಹಾಸಿಗೆಯ ದಾರಿ. ಕಾಲೂರಿ ನಿಲ್ಲುವುದು, ತಳ್ಳಿದಾಗ ಹೆಜ್ಜೆ ಬದಲಿಸುವುದು, ಬಿದ್ದರೂ ಗದ್ದ ಮಡಿಚಿ ತಲೆ ಕಾಯ್ದುಕೊಂಡು ಹೊರಳುವುದು ಇವನ್ನೆಲ್ಲ ಗರಡಿ ಹತ್ತನೆಯ ವಯಸ್ಸಿಗೇ ಕಲಿಸಿರುತ್ತದೆ. ಕಲಿತದ್ದನ್ನು ಎಪ್ಪತ್ತರವರೆಗೆ ಕಾಯ್ದುಕೊಳ್ಳುವುದೇ ಜಾಣತನ.

ಹಾಗಾದರೆ ಬಿಡತಕ್ಕುದು ಯಾವುದು, ಉಳಿಸಿಕೊಳ್ಳತಕ್ಕುದು ಯಾವುದು? ಎದುರಾಳಿಯನ್ನು ಪೂರಾ ಹೆಗಲಿಗೇರಿಸುವ ಕಲಾಜಂಗ, ಅಗಸನು ಬಟ್ಟೆ ಒಗೆದಂತೆ ಹೆಗಲ ಮೇಲಿಂದ ಎಸೆಯುವ ಧೋಬಿ ಪಛಾಡ ಇವುಗಳನ್ನು ನಲವತ್ತೈದರ ಬಳಿಕ ತೋರಿಸುವುದಕ್ಕೆ ಮಾತ್ರ ಇಟ್ಟುಕೊಳ್ಳಬೇಕು, ಅದೂ ಹಗುರ ಮೈಯ ಹುಡುಗನೊಡನೆ. ಕುತ್ತಿಗೆಯ ಮೇಲೆ ಮೈಭಾರವನ್ನೆಲ್ಲ ಹೊರುವ ಕಮಾನನ್ನು ಬಿಟ್ಟುಬಿಡಬೇಕು. ಸಂಗ್ರಾಣಿ ಕಲ್ಲನ್ನಂತೂ ದೂರದಿಂದಲೇ ನಮಸ್ಕರಿಸತಕ್ಕುದು. ಉಳಿಸಿಕೊಳ್ಳಬೇಕಾದುದು ನಿಂತ ಹಿಡಿತ: ಕೈಗೆ ಕೈ, ಕತ್ತಿಗೆ ಕೈ ಹಾಕಿ ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆಯೆಂದು ಅರಿಯುವ ಆಟ. ಕೆಳಗೆ ಕುಳಿತು ಆಡುವ ಘಿಸ್ಸಾ ಮೊದಲಾದ ಪಟ್ಟುಗಳನ್ನು ನಿಧಾನಗತಿಯಲ್ಲಿ ಮುಂದುವರಿಸಬಹುದು. ಬೀಳುವ ಎತ್ತರ ಅಲ್ಲಿ ಕಡಿಮೆ. ಬೈಠಕನ್ನು ಪೂರಾ ಕೂರದೆ ಅರ್ಧಕ್ಕೆ ನಿಲ್ಲಿಸಿದರೆ ಮೊಣಕಾಲು ಉಳಿಯುತ್ತದೆ. ಭಾರದ ಕರೇಲಿಯ ಬದಲು ಹಗುರವಾದದ್ದನ್ನು ಮೆಲ್ಲಗೆ ತಿರುಗಿಸಿದರೆ ಹೆಗಲಿನ ಕೀಲು ಸಡಿಲವಾಗಿರುತ್ತದೆ. ಕಣದ ಕೆಮ್ಮಣ್ಣನ್ನು ಸನಿಕೆಯಿಂದ ಅಗೆದು ಮೆದು ಮಾಡುವ ಕೆಲಸ ಹುಡುಗರದೆಂದು ಹಿರಿಯರು ಬಿಟ್ಟಿರುತ್ತಾರೆ. ಮಿತವಾಗಿ ಮಾಡಿದರೆ ಅದಕ್ಕಿಂತ ಒಳ್ಳೆಯ ಅಂಗಸಾಧನೆ ಅವರಿಗೆ ಬೇರೆಯಿಲ್ಲ. ಎಣ್ಣೆಯ ಅಭ್ಯಂಜನ ಮುಪ್ಪನ್ನೂ ಶ್ರಮವನ್ನೂ ವಾತವನ್ನೂ ಕಳೆಯುವುದೆಂದು ವಾಗ್ಭಟನು ಹೇಳಿದ್ದಾನೆ. ತಲೆ, ಕಿವಿ, ಅಂಗಾಲುಗಳಿಗೆ ವಿಶೇಷವಾಗಿ ಹಚ್ಚಬೇಕೆನ್ನುತ್ತಾನೆ. ರಕ್ತದೊತ್ತಡ, ಮಧುಮೇಹ, ಎದೆನೋವು ಉಳ್ಳವರು ವೈದ್ಯರನ್ನು ಕಂಡ ಮೇಲೆಯೇ ಕಣಕ್ಕಿಳಿಯಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಖುರಾಕಿನ ವಿಷಯ ಮಾತ್ರ ಬಿಡಿಸಿಯೇ ಹೇಳತಕ್ಕುದು. ಪೈಲ್ವಾನರನ್ನು ಕೆಡಿಸುವುದರಲ್ಲಿ ಎದುರಾಳಿಗಿಂತ ಊಟದ ಪಾತ್ರವೇ ದೊಡ್ಡದು. ದಿನಕ್ಕೆ ಮೂರು ತಾಸು ಬೆವರಿಳಿಸುವ ತರುಣನಿಗೆ ಹಾಲು, ತುಪ್ಪ, ಬದಾಮಿ, ಥಂಡಾಯಿಗಳು ಮೈಗೆ ಹತ್ತುತ್ತವೆ. ಕುಸ್ತಿ ನಿಂತ ದಿನ ನಾಲಿಗೆ ನಿಲ್ಲುವುದಿಲ್ಲ. ಹೊಟ್ಟೆ ಹಳೆಯ ಅಳತೆಯನ್ನೇ ಕೇಳುತ್ತದೆ, ಮನೆಯವರೂ ಪೈಲ್ವಾನನೆಂಬ ಅಭಿಮಾನದಿಂದ ಬಡಿಸುತ್ತಾರೆ. ಐದು ವರ್ಷಗಳಲ್ಲಿ ಎದೆಯ ಸ್ನಾಯು ಹೊಟ್ಟೆಗಿಳಿಯುತ್ತದೆ. ತೂಕ ಮೊಣಕಾಲನ್ನು ಕೆಡಿಸುತ್ತದೆ, ಮೊಣಕಾಲು ನಡಿಗೆಯನ್ನು ನಿಲ್ಲಿಸುತ್ತದೆ, ನಡಿಗೆ ನಿಂತ ಮೈಗೆ ಮಧುಮೇಹ ಸುಲಭವಾಗಿ ಬರುತ್ತದೆ. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಮಜ್ಜಿಗೆ ಇವೇ ಈ ಸೀಮೆಯ ಒಕ್ಕಲಿನ ಊಟ. ನಡುವಯಸ್ಸು ದಾಟಿದ ಮಲ್ಲನಿಗೆ ಇದರಾಚೆ ಹೆಚ್ಚಿನದೇನೂ ಬೇಕಿಲ್ಲ. ಬೇಳೆಯನ್ನು ತುಸು ಗಟ್ಟಿಯಾಗಿ ಬಡಿಸಿಕೊಂಡು ತುಪ್ಪವನ್ನು ತುಸು ತೆಳ್ಳಗೆ ಮಾಡಿದರಾಯಿತು.

ವಯಸ್ಸಿನ ಮಾತು ಬಂದಾಗ ಗಾಮಾ ಪೈಲ್ವಾನನ ಉದಾಹರಣೆಯನ್ನು ಯಾರಾದರೂ ಎತ್ತದಿರುವುದಿಲ್ಲ. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ಼ಿಬಿಸ್ಕೋ ಎಂಬ ದೈತ್ಯನು ಗಾಮಾನೆದುರು ನೆಲಕ್ಕೆ ಅಂಟಿಕೊಂಡೇ ಎರಡು ತಾಸಿಗೂ ಮಿಗಿಲಾಗಿ ಕಾಲ ಕಳೆದು ಪಂದ್ಯವನ್ನು ಸಮಗೊಳಿಸಿದನು. 1928ರಲ್ಲಿ ಪಟಿಯಾಲೆಯಲ್ಲಿ ಅದೇ ಜೋಡಿ ಮತ್ತೆ ಕೂಡಿದಾಗ ಗಾಮಾ ಒಂದು ನಿಮಿಷದೊಳಗೆ ಅವನನ್ನು ಚಿತ್ ಮಾಡಿದನು. ಆಗ ಇಬ್ಬರೂ ಐವತ್ತರ ಹೊಸ್ತಿಲಲ್ಲಿದ್ದರು. ಕಥೆ ಸತ್ಯವೇ. ಆದರೆ ಅದನ್ನು ಹೇಳುವವರು ಎರಡು ಅಂಶಗಳನ್ನು ಮರೆಯುತ್ತಾರೆ. ಗೆದ್ದವನ ವಯಸ್ಸೇ ಸೋತವನ ವಯಸ್ಸೂ ಆಗಿತ್ತು ಎಂಬುದು ಒಂದು. ಆ ಹದಿನೆಂಟು ವರ್ಷ ಗಾಮಾ ಅಖಾಡವನ್ನು ಬಿಟ್ಟವನಲ್ಲ ಎಂಬುದು ಇನ್ನೊಂದು. ಮುಂದುವರಿಸುವುದು ಬೇರೆ, ಮರಳಿ ತೊಡಗುವುದು ಬೇರೆ. ಇಪ್ಪತ್ತೆಂಟಕ್ಕೆ ಗರಡಿ ಬಿಟ್ಟು ನಲವತ್ತೆಂಟಕ್ಕೆ ನಾಗರಪಂಚಮಿಯ ಹುಮ್ಮಸ್ಸಿನಲ್ಲಿ ಲಂಗೋಟಿ ಕಟ್ಟುವವನಿಗೆ ಗಾಮಾ ಪ್ರಮಾಣವಾಗಲಾರನು. ಅಂಥವನು ಮೊದಲ ಮೂರು ತಿಂಗಳು ಬರಿಯ ನಡಿಗೆ, ಹಗುರ ಸಾಮು, ಎಣ್ಣೆ, ಇಷ್ಟರಲ್ಲಿಯೇ ಕಳೆಯಬೇಕು.

ಅನುಕರಣೆಗೆ ಗಾಮಾನಿಗಿಂತ ಹತ್ತಿರದ ಮಾದರಿಗಳುಂಟು. ಚಿಕ್ಕೋಡಿ ಸೀಮೆಯ ಎಕ್ಸಂಬಾ ಗ್ರಾಮದಲ್ಲಿ 1934ರಲ್ಲಿ ಜನಿಸಿದ ಶ್ರೀಪತಿ ಖಂಚನಾಳೆಯವರು 1959ರಲ್ಲಿ ಹಿಂದ್ ಕೇಸರಿ ಪದವಿಯನ್ನು ಪಡೆದ ಮೊಟ್ಟಮೊದಲ ಮಲ್ಲರು. ಅವರನ್ನು ರೂಪಿಸಿದ್ದು ಕೊಲ್ಲಾಪುರದ ತಾಲೀಮು. ಕಣದ ಕುಸ್ತಿ ಮುಗಿದ ಮೇಲೂ ಅವರು ಮಲ್ಲವಿದ್ಯೆಯ ನಂಟು ಕಡಿದುಕೊಳ್ಳದೆ ಕಿರಿಯರಿಗೆ ದಾರಿ ತೋರುತ್ತ 2020ರ ಡಿಸೆಂಬರಿನಲ್ಲಿ 86ನೆಯ ವಯಸ್ಸಿನಲ್ಲಿ ಕಾಲವಾದರು. ಮರುವರ್ಷ, 1960ರಲ್ಲಿ, ಅದೇ ಪದವಿಯನ್ನು ಪಡೆದ ಗಣಪತರಾವ್ ಆಂದಳಕರರು ಕೊಲ್ಲಾಪುರದ ಮೋತಿಬಾಗ ತಾಲೀಮಿನಲ್ಲಿ ದಶಕಗಳ ಕಾಲ ವಸ್ತಾದರಾಗಿದ್ದು 2018ರಲ್ಲಿ ತೀರಿಕೊಂಡರು. ಇಂಥವರ ಬದುಕಿನಲ್ಲಿ ಗೆಲುವಿನ ಕಾಲ ಚಿಕ್ಕದು, ಕಲಿಸಿದ ಕಾಲ ಅದರ ಹಲವು ಪಟ್ಟು.

ಹೊರದೇಶಗಳಲ್ಲಿಯೂ ಈ ವಿವೇಕ ಕಾಣುತ್ತದೆ. ಜಪಾನಿನಲ್ಲಿ 1882ರಲ್ಲಿ ಕಾನೋ ಜಿಗೋರೋ ಎಂಬ ಶಿಕ್ಷಕನು ಕಟ್ಟಿದ ಜೂಡೋ ಪದ್ಧತಿಯಲ್ಲಿ ಬಿರುಸಿನ ಸೆಣಸಾಟದ ಪಕ್ಕದಲ್ಲಿಯೇ, ಇಬ್ಬರು ಒಪ್ಪಂದದಿಂದ ಪಟ್ಟುಗಳನ್ನು ಕ್ರಮವಾಗಿ ಮಾಡಿ ತೋರುವ ಕಾತಾ ಎಂಬ ಅಭ್ಯಾಸವಿದೆ. ವಯಸ್ಸಾದಂತೆ ಸಾಧಕರು ಮೊದಲನೆಯದರಿಂದ ಎರಡನೆಯದಕ್ಕೆ ಸರಿಯುತ್ತಾರೆ. ಕಾನೋ ಶಿಷ್ಯೆಯಾದ ಕೇಕೋ ಫುಕುದಾ ಎಂಬಾಕೆ 2013ರಲ್ಲಿ ತಮ್ಮ 99ನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ಕಾಲದವರೆಗೂ ಅಮೆರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿ ಜೂಡೋ ಗುರುವಾಗಿದ್ದರು. ಸೆಣಸಲೇಬೇಕೆನ್ನುವ ಹಿರಿಯರಿಗೆ ಅಂತರರಾಷ್ಟ್ರೀಯ ಕುಸ್ತಿ ಸಂಘವು 35 ದಾಟಿದವರ ಪಂದ್ಯಗಳನ್ನು ಬೇರೆಯಾಗಿ ನಡೆಸುತ್ತದೆ. ಅಲ್ಲಿ ಸರಿಸುಮಾರು ಐದೈದು ವರ್ಷಗಳ ವರ್ಗಗಳು, ತರುಣರಿಗಿಂತ ಕಿರಿದಾದ ಸರದಿಗಳು. ಮಾನಸೋಲ್ಲಾಸದ ವಿಂಗಡಣೆ ಕಂಡವರಿಗೆ ಇದರಲ್ಲಿ ಅಚ್ಚರಿಯಿಲ್ಲ.

ನಮ್ಮ ಗರಡಿಗಳಲ್ಲಿ ಕಾತಾ ಎಂಬ ಹೆಸರಿಲ್ಲದಿರಬಹುದು, ವಸ್ತು ಇದೆ. ಜೋರು ಮಾಡುವಾಗ ವಸ್ತಾದನು ಹುಡುಗನಿಗೆ ತನ್ನ ಮೈಯನ್ನೇ ಕೊಡುತ್ತಾನೆ. ಕಾಲು ಹಿಡಿ ಎನ್ನುತ್ತಾನೆ, ಹಿಡಿದಾಗ ತುಸು ತಡೆಯುತ್ತಾನೆ, ಕೈ ಸರಿಯಾದ ಜಾಗಕ್ಕೆ ಬಂದ ಕ್ಷಣ ಬಿಟ್ಟುಕೊಟ್ಟು ಬೀಳುತ್ತಾನೆ. ಎಷ್ಟು ತಡೆಯಬೇಕು, ಯಾವಾಗ ಬೀಳಬೇಕು ಎಂಬುದನ್ನು ತರುಣ ಪೈಲ್ವಾನನು ಅರಿಯನು; ಅವನಿಗೆ ಗೆಲ್ಲುವುದೊಂದೇ ಗೊತ್ತು. ಹುಡುಗನ ಪಾಲಿಗೆ ಸಮಬಲನೊಡನೆ ಹತ್ತು ಸಲ ಸೆಣಸುವುದಕ್ಕಿಂತ ಇಂಥ ಹಿರಿಯನ ಮೈಮೇಲೆ ಒಮ್ಮೆ ಕೈಯಿಡುವುದು ಲೇಸು. ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರು ಹುಟ್ಟಿದ ಅರಳಗುಂಡಗಿ ಯಡ್ರಾಮಿಗೆ ಸಮೀಪದ ಊರು. ಕೊಡುವುದರ ಹಿರಿಮೆಯನ್ನು ಈ ಸೀಮೆಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ಆದರೆ ಕೊಡುವವರು ಕಣದ ಹೊರಗೆ ಕುಳಿತುಬಿಟ್ಟಿದ್ದಾರೆ. ಪಟ್ಟುಗಳಿಗೆ ಗ್ರಂಥವಿಲ್ಲ, ಇದ್ದರೂ ಓದಿ ಕಲಿಯುವಂಥವಲ್ಲ. ಒಂದು ಮೈಯಿಂದ ಇನ್ನೊಂದು ಮೈಗೆ ದಾಟಬೇಕು. ಹಿಡಿದು ತೋರಿಸುವ ಹಿರಿಯನಿಲ್ಲದ ಊರಿನಲ್ಲಿ ಹುಡುಗರಿಗೆ ಢಾಕ, ಘಿಸ್ಸಾ ಎಂಬ ಹೆಸರುಗಳು ಬಾಯಲ್ಲಿರುತ್ತವೆ, ಕೈಯಲ್ಲಿರುವುದಿಲ್ಲ. ಜಾತ್ರೆಯಲ್ಲಿ ಬಲದಿಂದಲೇ ನೂಕಾಡಿ ಕೊರಳು ಉಳುಕಿಸಿಕೊಳ್ಳುತ್ತಾರೆ. ಮಾಜಿ ಪೈಲ್ವಾನರಿಗೆ ರಾಜ್ಯ ಸರ್ಕಾರ ಮಾಸಾಶನ ಕೊಡುವ ವ್ಯವಸ್ಥೆ ಮಾಡಿರುವುದು ಸ್ತುತ್ಯವೇ. ಆದರೆ ಮಾಸಾಶನ ಹಿರಿಯನ ಹೊಟ್ಟೆಯನ್ನು ನೋಡಿಕೊಳ್ಳುತ್ತದೆ, ಅವನ ವಿದ್ಯೆಯನ್ನಲ್ಲ.

2018ರಲ್ಲಿ ಜೇವರ್ಗಿಯಿಂದ ಬೇರ್ಪಟ್ಟು ಸ್ವತಂತ್ರ ತಾಲೂಕಾದ ಯಡ್ರಾಮಿಯ ಸುತ್ತಿನ ಹಳ್ಳಿಗಳಿಂದ ಬರುವ ಮಕ್ಕಳು ಕುಂಟೆ ಹಿಡಿದ, ಚೀಲ ಹೊತ್ತ ಮನೆಗಳವರು, ಮೈಯಲ್ಲಿ ಕಸುವಿದೆ. ಮಠದ ಶಾಲೆಯ ಆವರಣದಲ್ಲಿ ಒಂದು ಕಣಕ್ಕೆ ಬೇಕಾದುದು ಹತ್ತು ಬಂಡಿ ಕೆಮ್ಮಣ್ಣು, ಮೇಲೊಂದು ನೆರಳು, ಮಣ್ಣಿಗೆ ಬೆರೆಸಲು ಎಣ್ಣೆ ಮಜ್ಜಿಗೆ ಅರಿಸಿನ. ದಾನಿಗಳಿಗೆ ಇದು ಹೊರೆಯಲ್ಲ. ಹೊರೆಯೆನಿಸುವುದು ಇನ್ನೊಂದು ಕೆಲಸ: ಊರೂರಿಗೆ ಹೋಗಿ, ಅಗಸಿಯ ಕಟ್ಟೆಯ ಮೇಲೆ ಕುಳಿತ ಮುದುಡುಕಿವಿಯ ಹಿರಿಯನನ್ನು ಗುರುತಿಸಿ, ಬೆಳಗಿನ ಒಂದು ತಾಸು ಬನ್ನಿ, ಗೆಲ್ಲಬೇಕಾಗಿಲ್ಲ, ಹುಡುಗರಿಗೆ ಮೈ ಕೊಟ್ಟರೆ ಸಾಕೆಂದು ಕೇಳುವುದು. ಅವನು ಮೊದಲು ಮೊಣಕಾಲು ತೋರಿಸಿ ಒಲ್ಲೆನೆನ್ನುತ್ತಾನೆ. ಎರಡನೆಯ ಸಲ ಹುಡುಗರನ್ನೇ ಕರೆದೊಯ್ದು ಅವನೆದುರಿಗೆ ಹಿಡಿಸಬೇಕು. ತಪ್ಪು ಹಿಡಿತ ಕಂಡೊಡನೆ ಕಟ್ಟೆಯಿಂದ ಇಳಿದುಬರುತ್ತಾನೆ.